ತಂತಿಯ ಕೈ

ಕೂಸು ಹಾಲು ಕುಡಿಯುತ್ತಿತ್ತು. ಕುಡಿಸುವವರು ಮಾತ್ರ ಯಾರೂ ಇರಲಿಲ್ಲ.

ಕೊಟ್ರವ್ವ ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದಳು. ದಾವಣಗೆರೆ ಬಸ್ ಸ್ಟ್ಯಾಂಡಿನ ಪಕ್ಕದ ಟ್ಯಾಕ್ಸಿ ಸಾಲಿನಲ್ಲಿ ಅಳಿಯ ಏಕಾಂತಪ್ಪನ ಕರೀ ಕಾರು ಮುಂದಿನ ಬಾಗಿಲು ತೆರೆದುಕೊಂಡು ನಿಂತಿತ್ತು. ಸೀಟಿನ ಮೇಲೆ ಹಗ್ಗದಿಂದ ಬಿಗಿದ ಬಿದಿರು ಬುಟ್ಟಿ. ಬುಟ್ಟಿಯಲ್ಲಿ ಅವಳ ಮೊಮ್ಮಗ ಅಜ್ಜಯ್ಯ, ಇನ್ನೂ ಕೂರಲೂ ಬಾರದ ಕೂಸು. ಬುಟ್ಟಿಯ ಅಂಚಿಗೆ ಒಂದು ದಪ್ಪ ತಂತಿಯನ್ನು ತಿರುಪು ಹಾಕಿ ಕೂರಿಸಿದ್ದರು. ಅದು ಮೇಲೆದ್ದು ಬಾಗಿ, ತುದಿಯಲ್ಲಿ ಬಳೆಯಂತೆ ಸುತ್ತಿಕೊಂಡಿತ್ತು. ಆ ಬಳೆಯೊಳಗೆ ಹಾಲಿನ ಬಾಟ್ಲಿ ಓರೆಯಾಗಿ ಕೂತಿತ್ತು. ಅದರ ರಬ್ಬರ್ ತೊಟ್ಟನ್ನು ಕೂಸು ಕೈಕಾಲು ಆಡಿಸುತ್ತಾ ಚೀಪುತ್ತಿತ್ತು. ಸುತ್ತ ನಾಲ್ಕಾರು ಡ್ರೈವರುಗಳು ಬೀಡಿ ಹಚ್ಚಿಕೊಂಡು, ಸಿನಿಮಾಕ್ಕೆ ಬಂದವರ ಹಾಗೆ ನೋಡುತ್ತಾ ನಿಂತಿದ್ದರು.

"ಅಯ್ಯೋ ನನ್ನ ಕರ್ಮವೇ!" ಎಂದು ಕೊಟ್ರವ್ವ ಚೀಲ ಕೆಳಗಿಟ್ಟಳು. "ಏನ್ ನೋಡ್ತೀರೋ ಗಂಡಸ್ರಾ? ಹಾಲು ಕುಡಿಯೋ ಕೂಸನ್ನ ಹಿಂಗ ಕಣ್ಣು ಬಿಟ್ಕೊಂಡು ನೋಡ್ತಾರೇನು? ನಿಮ್ಮ ಮನಿಯಾಗ ಮಕ್ಳಿಲ್ಲೇನು?"

ಬೀಡಿಗಳು ಆ ಕಡೆ ಈ ಕಡೆ ಚದುರಿದವು. ತನ್ನೂರು ನಂದಿಗುಡಿಯಲ್ಲೂ ಕೊಟ್ರವ್ವ ಬಾಯಿ ತೆಗೆದರೆ ಜನ ಹೀಗೇ ಚದುರುತ್ತಿದ್ದರು. ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೂ ನಡೆಯುತ್ತಿತ್ತು, ಅನುಮಾನ ಇಲ್ಲದೆ ಅವಳಿಗೆ ದಿನ ಹೋಗುತ್ತಿರಲಿಲ್ಲ. ಅಂಗಡಿಯವನ ತಕ್ಕಡಿ, ಕಂಡಕ್ಟರನ ಚಿಲ್ಲರೆ, ಮಠದ ಅಡಿಗೆಯವನ ಸೌಟು, ಎಲ್ಲದರ ಮೇಲೂ ಗುಮಾನಿ. ಆದರೆ ಈ ಅಳಿಯನ ಮೇಲಿದ್ದುದು ಬರೀ ಗುಮಾನಿಯಲ್ಲ, ಹೊಟ್ಟೆಯೊಳಗಿನ ಕೆಂಡ.

ಕೊಟ್ರವ್ವನಿಗೆ ಇದ್ದವಳು ಒಬ್ಬಳೇ ಮಗಳು, ಉಚ್ಚಂಗಮ್ಮ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು, ಇದು ತಲೆಮಾರಿನಿಂದ ಬಂದದ್ದು. ಏಳು ತಿಂಗಳು ತುಂಬುತ್ತಲೇ ಕಳಿಸಿಕೊಡಿ ಎಂದು ಹೇಳಿಕಳಿಸಿದರೆ, ಅಳಿಯನಿಂದ ಬಂದ ಉತ್ತರ "ಇನ್ನೊಂದು ಸ್ವಲ್ಪ ದಿನ ಬಿಟ್ಟು" ಎಂದು. ಆ ಸ್ವಲ್ಪ ದಿನದೊಳಗೇ ಹೊತ್ತಲ್ಲದ ಹೊತ್ತಿನಲ್ಲಿ ನೋವು ಬಂದು, ದಾವಣಗೆರೆಯ ಆಸ್ಪತ್ರೆಯಲ್ಲಿ ಕೂಸು ಉಳಿಯಿತು, ಮಗಳು ಉಳಿಯಲಿಲ್ಲ. ಮಣ್ಣು ಕೊಟ್ಟು ಬಂದ ದಿನವೇ ಕೊಟ್ರವ್ವ ಕೂಸನ್ನು ಕೇಳಿದಳು. "ನನಗೆ ಅಂತ ಉಳಿದಿರೋದು ಅದೊಂದೇ, ಕೊಡಾಕಾಗಲ್ಲ" ಎಂದುಬಿಟ್ಟ ಏಕಾಂತಪ್ಪ. ಪಕ್ಕದ ಮನೆಯ ಕಮಲಕ್ಕ ನೋಡಿಕೊಳ್ಳುತ್ತಾಳಂತೆ ಎಂದು ಕೊಟ್ರವ್ವ ಹಲ್ಲು ಕಚ್ಚಿಕೊಂಡು ಸುಮ್ಮನಾಗಿದ್ದಳು. ಈಗ ನೋಡಿದರೆ ಕಮಲಕ್ಕ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದಾಳೆ, ಕೂಸು ಬೆಳಗಿನಿಂದ ಬೈಗಿನವರೆಗೆ ಟ್ಯಾಕ್ಸಿಯಲ್ಲಿ ತಿರುಗುತ್ತಿದೆ, ತಂತಿಯಿಂದ ಹಾಲು ಕುಡಿಯುತ್ತಿದೆ! ಸಂತೆಗೆ ಬಂದ ಊರವರು ಹೇಳಿದಾಗ ಅವಳು ನಂಬಿರಲಿಲ್ಲ.

ಅವಳು ಸುಮ್ಮನೆ ಬಂದಿರಲಿಲ್ಲ. ಮಗ ಮಲ್ಲೇಶಪ್ಪನನ್ನು ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಂದಿದ್ದಳು. ಅಳಿಯನ ಕಾರಿನಲ್ಲೇ ಹರಿಹರದ ತನಕ ಹೋಗುವುದು, ಅಲ್ಲಿ ಕೂಸನ್ನು ಎತ್ತಿಕೊಂಡು ಇಳಿಯುವುದು, ನಂದಿಗುಡಿ ಬಸ್ಸು ಹತ್ತುವುದು. ಅಳಿಯ ಅಡ್ಡ ಬಂದರೆ ಮಲ್ಲೇಶಪ್ಪ ಇದ್ದಾನೆ. ಆಮೇಲೆ ಹಿರಿಯರ ಮುಂದೆ ಪಂಚಾಯ್ತಿ ಆಗಲಿ, ಆಗ ಹೇಳಲಿಕ್ಕೆ ಬಾಯಲ್ಲಿ ನಾಲ್ಕು ಮಾತು ಬೇಕು. ಆ ಮಾತುಗಳಿಗೆ ಗಟ್ಟಿ ಆಧಾರ ಹುಡುಕಲೆಂದೇ ಅವಳ ಕಣ್ಣು ಬುಟ್ಟಿಯ ಸುತ್ತ ಸುತ್ತುತ್ತಿತ್ತು.

ಆಧಾರ ಸಿಕ್ಕೇಬಿಟ್ಟಿತು. ಬಾಟ್ಲಿಗೆ ಒಂದು ಅಂಗಿ! ಕೆಂಪು ಉಲ್ಲನ್ನಿನಲ್ಲಿ ಹೆಣೆದ ಪುಟ್ಟ ಕೊಳವೆಯಂಥ ಅಂಗಿ, ಬಾಟ್ಲಿಗೆ ಅಳತೆ ತೆಗೆದು ಹೆಣೆದಂತೆ ಬಿಗಿಯಾಗಿ ಕೂತಿತ್ತು. ಮುಟ್ಟಿ ನೋಡಿದಳು, ಬೆಚ್ಚಗಿತ್ತು. ಮೂಸಿ ನೋಡಿದಳು, ಸೋಪಿನ ವಾಸನೆ. ಒಂದು ಅಂಚು ನೀಟಾಗಿತ್ತು, ಇನ್ನೊಂದು ಅಂಚನ್ನು ಮಾತ್ರ ಬಿಳೀ ದಾರದಿಂದ ಅಡ್ಡಾದಿಡ್ಡಿ ಬಿಗಿದಿದ್ದರು. ಇದು ಗಂಡಸಿನ ಕೈಯಲ್ಲಿ ಆಗುವ ಕೆಲಸವೇನು? ಸಾಧ್ಯವೇ ಇಲ್ಲ. ಹೆಣ್ಣು! ಮಗಳು ಮಣ್ಣಾಗಿ ಆರು ತಿಂಗಳು ತುಂಬಿಲ್ಲ, ಆಗಲೇ ಒಬ್ಬಳು ಬಂದು ಕೂತು ಬಾಟ್ಲಿಗೆ ಉಲ್ಲನ್ ಹೆಣೆದುಕೊಡುತ್ತಿದ್ದಾಳೆ!

"ಯಾರು ಮಾಡಿದ್ದು ಇದನ್ನ?" ಎಂದು ಗದರಿದಳು.

ಪಕ್ಕದ ಗ್ಯಾರೇಜಿನಿಂದ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಒಬ್ಬ ದಪ್ಪ ಮೀಸೆಯವನು ಬಂದ. ಅವನು ಮೆಕ್ಯಾನಿಕ್ ಮುನಾಫ್. "ನಾನೇ ಮಾಡಿದ್ದು ಅಮ್ಮಾ. ಗೇರ್ ಹಾಕೋವಾಗ ಒಂದು ಕೈ, ಸ್ಟೇರಿಂಗಿಗೆ ಒಂದು ಕೈ, ಬಾಟ್ಲಿಗೆ ಮೂರನೇ ಕೈ ಎಲ್ಲಿಂದ ತರಾದು? ಅದಕ್ಕೆ ಈ ತಂತಿ ಕೈ ಮಾಡಿಕೊಟ್ಟೆ. ನೋಡ್ರಿ, ಹೆಂಗೆ ಬೇಕು ಹಂಗೆ ಬಾಗ್ತೈತೆ."

"ತಂತಿ ಕೇಳಲಿಲ್ಲಪ್ಪ ನಾನು. ಈ ಕೆಂಪು ಅಂಗಿ ಯಾರು ಹೆಣೆದಿದ್ದು?"

ಮುನಾಫನ ಮುಖ ಸಪ್ಪಗಾಯಿತು. "ಅದು… ಅದನ್ನ ನೀವು ಅವರನ್ನೇ ಕೇಳ್ರಿ ಅಮ್ಮಾ" ಎಂದವನೇ ಗ್ಯಾರೇಜಿಗೆ ಹೊರಟುಹೋದ.

ಓಹೋ! ಇಡೀ ಟ್ಯಾಕ್ಸಿ ಸ್ಟ್ಯಾಂಡಿಗೇ ಗೊತ್ತು ಹಾಗಾದರೆ. ತನಗೊಬ್ಬಳಿಗೇ ಗೊತ್ತಿಲ್ಲ. ಕೊಟ್ರವ್ವನಿಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಏಕಾಂತಪ್ಪ ಬಂದ. ಹೆಗಲ ಮೇಲೆ ಒಗೆದು ಹಿಂಡಿದ ಮಗುವಿನ ಬಟ್ಟೆ, ಕೈಯಲ್ಲಿ ಇನ್ನೊಂದು ಖಾಲಿ ಬಾಟ್ಲಿ. ಅತ್ತೆಯನ್ನು ಕಂಡು ಒಂದು ಗಳಿಗೆ ಬೆಚ್ಚಿಬಿದ್ದ. ಆಮೇಲೆ ಬಗ್ಗಿ ಕಾಲು ಮುಟ್ಟಿದ. "ಯಾವಾಗ ಬಂದ್ರಿ ಅತ್ತೆ? ಕೂಡ್ರಿ, ಟೀ ತರಿಸ್ತೀನಿ."

"ಟೀ ಬ್ಯಾಡ, ಏನೂ ಬ್ಯಾಡ. ಊರಿಗೆ ಹೊಂಟೀನಿ, ಹರಿಹರದ ತನಕ ಕೂಸಿನ ಜೊತಿಗೆ ಕಾರಿನಾಗ ಬರ್ತೀನಿ. ಅದಕ್ಕೂ ಅಡ್ಡಿ ಐತೇನು?" ಎಂದಳು ಕೊಟ್ರವ್ವ. ಅಳಿಯನಿಗೆ ಬಹುವಚನ ಕೊಟ್ಟು ಮಾತಾಡುವುದು ಆ ಕಡೆಯ ರೂಢಿ. ಮಗಳು ಬದುಕಿರುವ ತನಕ "ಬರ್ರಿ, ಉಣ್ರಿ" ಎಂದವಳು ಈಗ ನೆಟ್ಟಗೆ ಒಂದು "ರಿ" ಹಾಕುತ್ತಿರಲಿಲ್ಲ.

"ಅಡ್ಡಿ ಏನೈತೆ ಅತ್ತೆ, ಬರ್ರಿ" ಎಂದ ಏಕಾಂತಪ್ಪ. ದಾಡಿ ಬೆಳೆದಿತ್ತು, ಕಣ್ಣು ಕೆಂಪಗಿದ್ದವು. ರಾತ್ರಿ ನಿದ್ದೆ ಇಲ್ಲ ಅನ್ನುವುದು ಯಾರಿಗಾದರೂ ಕಾಣುತ್ತಿತ್ತು. ಯಾಕೆ ನಿದ್ದೆ ಇಲ್ಲವೋ, ಯಾರಿಗೆ ಗೊತ್ತು, ಎಂದುಕೊಂಡಳು ಕೊಟ್ರವ್ವ.

ಅವಳು ಚೀಲದಿಂದ ಹಳೇ ಸೀರೆಯ ತುಂಡೊಂದನ್ನು ತೆಗೆದು ಬುಟ್ಟಿಯ ಮೇಲೆ ಹೊದಿಸಲು ಹೋದಳು. ಹಾಲು ಕುಡಿಯುವ ಕೂಸಿನ ಮೇಲೆ ಸೆರಗು ಇರಲೇಬೇಕು. ಕಂಡವರ ಕಣ್ಣು ಬಿದ್ದರೆ ಕುಡಿದ ಹಾಲು ಮೈಗೆ ಹತ್ತುವುದಿಲ್ಲ, ವಾಂತಿಯಾಗಿ ಹೋಗುತ್ತದೆ. ತಾನು ಇಬ್ಬರು ಮಕ್ಕಳಿಗೂ ಒಳಲೆ ಬಟ್ಟಲಿನಲ್ಲಿ ಹಾಲು ಹಾಕಿದ್ದೂ ಸೆರಗಿನ ಮರೆಯಲ್ಲೇ.

"ಮುಚ್ಚಬ್ಯಾಡ್ರಿ ಅತ್ತೆ" ಎಂದು ಏಕಾಂತಪ್ಪ ಅವಳ ಕೈ ತಡೆದ. "ಹಂಗೇ ಇರ್ಲಿ."

"ಯಾಕ?"

"ಇರ್ಲಿ ಅಂದೆ, ಅಷ್ಟೆ." ತಾನು ಒಂದು ಮಾತಾಡಿದರೆ ಅತ್ತೆ ಹತ್ತು ಆಡುತ್ತಾಳೆಂದು ಅವನು ಅಲ್ಲಿಗೇ ಬಾಯಿ ಮುಚ್ಚಿದ. ಕೂಸು ಕುಡಿದು ಮುಗಿಸಿತು. ಅದನ್ನು ಹೆಗಲಿಗೆ ಹಾಕಿಕೊಂಡು ತೇಗು ಬರುವ ತನಕ ಬೆನ್ನು ಸವರಿ, ಮತ್ತೆ ಬುಟ್ಟಿಯಲ್ಲಿ ಮಲಗಿಸಿದ. ಇದನ್ನೆಲ್ಲ ಇವನಿಗೆ ಯಾರು ಕಲಿಸಿದರು ಎಂದು ಕೊಟ್ರವ್ವ ಅದಕ್ಕೂ ಒಂದು ಗುಮಾನಿ ಇಟ್ಟುಕೊಂಡಳು.

ಮಿಲ್ಲಿನ ಸೈರನ್ ಕೂಗಿ, ಬಿಸಿಲು ಏರಿ, ಸೀಟು ತುಂಬುವ ಹೊತ್ತಿಗೆ ತಡವಾಯಿತು. ಹತ್ತಿ ಮಂಡಿಗೆ ಬಂದಿದ್ದ ಒಬ್ಬ ಯಜಮಾನ ಹಿಂದಿನ ಸೀಟಿನ ಬಲಗಡೆ ಕೂತು, ಕೂತಲ್ಲೇ ಗೊರಕೆ ತೆಗೆದ. ಕೊಟ್ರವ್ವ ಎಡಗಡೆ, ಬುಟ್ಟಿಯ ನೇರ ಹಿಂದೆ ಕೂತಳು. ಕೊನೆಗೆ ಓಡೋಡಿ ಬಂದವಳು ಕಸ್ತೂರಮ್ಮ, ಹರಿಹರದ ಹೆಣ್ಣುಮಕ್ಕಳ ಶಾಲೆಯ ಟೀಚರು. ಮೂವತ್ತರ ಒಳಗಿನ ಹೆಣ್ಣು, ಕೊರಳಲ್ಲಿ ತಾಳಿ ಇಲ್ಲ.

"ಏನ್ ಏಕಾಂತಪ್ಪಾರೆ, ರಾತ್ರಿ ಕೆಮ್ಮು ಕಡಿಮಿ ಆಯ್ತಾ ಪುಟ್ಟಂದು?" ಎನ್ನುತ್ತಾ ಮುಂದೆ ಬಗ್ಗಿ ಕೂಸಿನ ಗಲ್ಲ ಚಿವುಟಿ, ಇಬ್ಬರ ನಡುವೆ ಕೂತಳು.

"ಪರವಾಗಿಲ್ಲ ಮೇಡಂ" ಎಂದ ಅವನು.

ಮನೆಯೊಳಗಿನ ಕೆಮ್ಮು ಇವಳಿಗೆ ಹೇಗೆ ಗೊತ್ತು? ಕೊಟ್ರವ್ವ ಸೆರಗು ಸರಿಮಾಡಿಕೊಂಡು ಓರೆಗಣ್ಣಲ್ಲಿ ನೋಡಿದಳು. ಕಾರು ಹೊರಟಿತು. ಕಸ್ತೂರಮ್ಮ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದದ್ದು ಎರಡು ಉದ್ದನೆಯ ಸೂಜಿ, ಒಂದು ಉಲ್ಲನ್ ಉಂಡೆ!

ಹಸಿರು ಉಂಡೆ. ಹಸಿರಾದರೇನು, ಕೆಂಪಾದರೇನು? ಹೆಣೆಯುವ ಕೈ ಸಿಕ್ಕಿಬಿತ್ತಲ್ಲ. ಕೊಟ್ರವ್ವ ಆ ಸೂಜಿಗಳಿಂದ ಕಣ್ಣು ಕೀಳಲಿಲ್ಲ. ಮಗಳು ಇದ್ದಾಗಿನಿಂದಲೇ ನಡೆದಿತ್ತೋ ಏನೋ, ಅದಕ್ಕೇ ತವರಿಗೆ ಕಳಿಸಲಿಲ್ಲವೋ ಏನೋ, ಎಂದು ಮನಸ್ಸು ಹುಚ್ಚುಹುಚ್ಚಾಗಿ ಓಡಿತು. ಒಂದು ಕ್ಷಣ ಅವಳಿಗೇ ಭಯವಾಯಿತು. ಆದರೂ ಅದನ್ನು ನಿಲ್ಲಿಸಲು ಆಗಲಿಲ್ಲ.

"ಯಾರಿಗೆ ಹೆಣೀತಿದೀಯವ್ವ?" ಎಂದು ಬೆಲ್ಲದ ದನಿಯಲ್ಲಿ ಕೇಳಿದಳು.

"ನಮ್ಮಪ್ಪಗೆ ಮಫ್ಲರ್ ಅಜ್ಜಿ."

ಎಲ್ಲರೂ ಹಾಗೇ ಹೇಳುತ್ತಾರೆ, ಎಂದುಕೊಂಡಳು ಕೊಟ್ರವ್ವ.

ಆಗ ಅವಳ ಕಣ್ಣಿಗೆ ಕನ್ನಡಿ ಬಿತ್ತು. ಕಾರಿನ ನಡುಮಧ್ಯೆ ಎಲ್ಲ ಕಾರಿಗೂ ಇರುವ ಕನ್ನಡಿ ಒಂದಿತ್ತು. ಅದು ಸಾಲದು ಎಂಬಂತೆ ಮುಂದಿನ ಗಾಜಿನ ಎಡ ಮೂಲೆಯಲ್ಲಿ ಇನ್ನೊಂದು ದುಂಡು ಕನ್ನಡಿ, ಕುತ್ತಿಗೆ ಬಗ್ಗಿಸಿಕೊಂಡು ಒಳಗಡೆಗೇ ತಿರುಗಿ ನಿಂತಿತ್ತು. ಎದುರಿಂದ ಎತ್ತಿನ ಗಾಡಿ ಬರಲಿ, ಲಾರಿ ಬರಲಿ, ಏಕಾಂತಪ್ಪನ ಕಣ್ಣು ಗಳಿಗೆಗೊಮ್ಮೆ ಆ ಕನ್ನಡಿಗೆ ಹೋಗಿಬರುತ್ತಿತ್ತು. ರಸ್ತೆ, ಕನ್ನಡಿ. ರಸ್ತೆ, ಕನ್ನಡಿ. ಒಂದೆರಡು ಸಲ ಅವನ ತುಟಿಯಲ್ಲಿ ಸಣ್ಣ ನಗುವೂ ಸುಳಿಯಿತು. ಇತ್ತ ಕಸ್ತೂರಮ್ಮನೂ ಹೆಣಿಗೆಯಿಂದ ತಲೆಯೆತ್ತಿ ಮುಂದೆ ನೋಡಿ ನಗುತ್ತಿದ್ದಳು. ಥೂ! ಹೆಂಗಸರನ್ನು ನೋಡಲಿಕ್ಕೆಂದು ಕನ್ನಡಿ ಇಟ್ಟುಕೊಂಡಿದ್ದಾನೆ ಭಂಡ. ಅದೂ ತಾಯಿಯಿಲ್ಲದ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು!

ಕೆರೆಯಂಚಿನ ಬಾತಿ ಊರಿನ ಹತ್ತಿರ ಬರುವಾಗ ಎಂಜಿನ್ ಕಾದು ಹೊಗೆಯಾಡಿತು, ಅದೇ ಹೊತ್ತಿಗೆ ಕೂಸು ಎದ್ದು ಅಳತೊಡಗಿತು. ಏಕಾಂತಪ್ಪ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಬಾಟ್ಲಿಯನ್ನು ಬಿಸಿನೀರಲ್ಲಿ ತೊಳೆದ, ಹಾಲು ಕಾಯಿಸಿ ಹಾಕಿಸಿದ, ಒಂದು ಹನಿ ಮುಂಗೈ ಮೇಲೆ ಬಿಟ್ಟು ನೋಡಿದ. ಕೆಂಪು ಅಂಗಿ ತೊಡಿಸಿ, ತಂತಿಯ ಬಳೆಯಲ್ಲಿ ಕೂರಿಸಿ, ತೊಟ್ಟನ್ನು ಕೂಸಿನ ಬಾಯಿಗೆ ಹೊಂದಿಸಿದ. ಆಮೇಲೆ ಡಬ್ಬಿ ಹಿಡಿದು ರೇಡಿಯೇಟರಿಗೆ ನೀರು ತರಲು ಹೋದ.

ಕಸ್ತೂರಮ್ಮ ಕೆಳಗಿಳಿದು ನಿಂತಿದ್ದಳು. ಯಜಮಾನನ ಗೊರಕೆ ಸಾಗಿತ್ತು. ಇದೇ ಸಮಯ ಎಂದು ಕೊಟ್ರವ್ವ ಮುಂದೆ ಬಗ್ಗಿದಳು. ಸೀರೆಯ ತುಂಡನ್ನು ಬುಟ್ಟಿಯ ಮೇಲೆ, ತಂತಿಯ ಮೇಲೆ, ಬಾಟ್ಲಿಯ ಮೇಲೆ ಪೂರ್ತಿ ಹೊದಿಸಿದಳು. ಹಾಗೇ ಕೈ ಚಾಚಿ ಆ ದುಂಡು ಕನ್ನಡಿಯ ಕುತ್ತಿಗೆ ಹಿಡಿದು ಕಿಟಕಿಯ ಕಡೆಗೆ ತಿರುಗಿಸಿಬಿಟ್ಟಳು. ನೋಡು ಈಗ, ಬಾತಿ ಕೆರೆ ನೋಡು, ಎಂದುಕೊಂಡಳು.

ಏಕಾಂತಪ್ಪ ಬಂದು ಕೂತವನು ಮೊದಲು ನೋಡಿದ್ದೇ ಅದನ್ನು. "ಕನ್ನಡಿ ತಿರುಗೈತಲ್ಲ… ಈ ಹಾಳು ರಸ್ತಿ" ಎಂದು ಕೈ ಚಾಚಿದ. ಆಮೇಲೆ ಬಟ್ಟೆ ಕಂಡಿತು. "ಅತ್ತೆ, ಮುಚ್ಚಬ್ಯಾಡ್ರಿ ಅಂದಿದ್ದೆ…"

"ನಾನಿಲ್ಲೇನು ಹಿಂದ?" ಎಂದು ಕೊಟ್ರವ್ವ ಎಗರಿಬಿದ್ದಳು. "ಹೆತ್ತು ಸಾಕಿದ ಕೈ ಇವು. ಕೂಸನ್ನ ನಾನು ನೋಡ್ಕೋತೀನಿ, ನೀನು ದಾರಿ ನೋಡು."

ಏಕಾಂತಪ್ಪ ತಿರುಗಿ ಅತ್ತೆಯ ಮುಖ ನೋಡಿದ. ಹೆಂಡತಿ ಹೋದಮೇಲೆ ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಮನೆಯ ಕಡೆಯವರು ಯಾರೂ ಅವನ ಪಕ್ಕ ಕೂತು ಹೇಳಿರಲಿಲ್ಲ. ಅವನ ಭುಜಗಳು ಸಡಿಲಾದವು. "ಆಯ್ತು ಅತ್ತೆ. ನೀವು ನೋಡ್ತೀರಂದ್ರ ನನಗೇನು" ಎಂದು, ಕನ್ನಡಿಯನ್ನು ಹಾಗೇ ಬಿಟ್ಟು ಕಾರು ಹೊರಡಿಸಿದ.

ಕೊಟ್ರವ್ವ ನೋಡಿದಳು, ನಿಜ. ಆದರೆ ಕೂಸನ್ನಲ್ಲ. ಅವಳು ನೋಡಿದ್ದು ಕಸ್ತೂರಮ್ಮನ ಸೂಜಿಗಳನ್ನು, ಅಳಿಯನ ಕುತ್ತಿಗೆಯನ್ನು. ಕನ್ನಡಿ ಹೋದಮೇಲೆ ಅವನು ಹಿಂದೆ ತಿರುಗುತ್ತಾನೇನು? ಇವಳು ಕೆಮ್ಮುತ್ತಾಳೇನು, ಬಳೆ ಸದ್ದು ಮಾಡುತ್ತಾಳೇನು? ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು. ಅವನು ಒಮ್ಮೆಯೂ ತಿರುಗಲಿಲ್ಲ. ಅವಳು ಒಮ್ಮೆಯೂ ತಲೆಯೆತ್ತಲಿಲ್ಲ. ಅದೂ ಕೊಟ್ರವ್ವನಿಗೆ ಅನುಮಾನವೇ. ತನ್ನನ್ನು ಕಂಡು ಹುಷಾರಾಗಿದ್ದಾರೆ, ಕಳ್ಳರು.

ಹರಿಹರದ ಗುಡಿಯ ಶಿಖರ ದೂರದಲ್ಲಿ ಕಾಣಿಸಿತು. ಇನ್ನೇನು ಊರು ಬಂತು, ಮಲ್ಲೇಶಪ್ಪ ನಿಂತಿರುತ್ತಾನೆ, ಕೂಸನ್ನು ಹೇಗೆ ಎತ್ತಿಕೊಳ್ಳುವುದು ಎಂದು ಅಂದಾಜು ಮಾಡಲು ಅವಳು ಬುಟ್ಟಿಯ ಕಡೆ ನೋಡಿದಳು.

ಬಟ್ಟೆ ಅಲುಗಾಡುತ್ತಿರಲಿಲ್ಲ.

ಬೆಳಿಗ್ಗೆ ಕೂಸು ಕುಡಿಯುವಾಗ ಕೈಕಾಲು ಗಾಳಿಯಲ್ಲಿ ಆಡುತ್ತಿದ್ದವು. ಗುಟುಕು ಗುಟುಕಿಗೂ ಸದ್ದಿತ್ತು. ಈಗ ಸದ್ದಿಲ್ಲ. ಮಲಗಿರಬಹುದು, ಎಂದಿತು ಮನಸ್ಸು. ಮಲಗಿದರೆ ಬಾಟ್ಲಿ ತೆಗೆದವರು ಯಾರು? ತಂತಿಗೆ ಗೊತ್ತಾಗುತ್ತದೆಯೇ, ಕೂಸು ಮಲಗಿದೆ ಎಂದು?

ಕೊಟ್ರವ್ವ ಬಟ್ಟೆ ಸೆಳೆದಳು. ಕೂಸಿನ ಬಾಯಿ ತುಂಬ ಹಾಲು, ಮೂಗಿನಲ್ಲಿ ಹಾಲು, ಕತ್ತಿನ ಮಡಿಕೆಯಲ್ಲಿ ಹಾಲು. ತೊಟ್ಟು ಇನ್ನೂ ಬಾಯಲ್ಲೇ ಇತ್ತು. ತುಟಿ ನೀಲಿಗಟ್ಟಿತ್ತು.

"ನಿಲ್ಸೋ! ಅಯ್ಯೋ ನಿಲ್ಸೋ, ಕೂಸು ಹೋತು!"

ಕಾರು ಕಿರುಚಿಕೊಂಡು ನಿಂತಿತು. ಅಷ್ಟರಲ್ಲಿ ಕೊಟ್ರವ್ವ ಸೀಟಿನ ಮೇಲಿಂದಲೇ ಬಗ್ಗಿ ಕೂಸನ್ನು ಎಳೆದುಕೊಂಡಿದ್ದಳು. ಬಾಗಿಲು ನೂಕಿ ರಸ್ತೆಯ ಅಂಚಿಗೆ ಇಳಿದು, ಮೊಣಕಾಲೂರಿ, ಕೂಸನ್ನು ತೊಡೆಯ ಮೇಲೆ ಬೋರಲು ಹಾಕಿ ತಲೆ ಇಳಿಬಿಟ್ಟು ಬೆನ್ನಿಗೆ ತಟ್ಟಿದಳು. ಹಾಲು ಸುರಿಯಿತು. ಮತ್ತೆ ತಟ್ಟಿದಳು. "ಅಳೋ ನನ್ನಪ್ಪಾ, ಅಳೋ. ಅಜ್ಜಯ್ಯಾ, ಒಂದು ಸಲ ಅಳೋ." ಕಿರುಬೆರಳು ಬಾಯಿಗೆ ಹಾಕಿ ಬಳಿದಳು, ಮತ್ತೆ ತಟ್ಟಿದಳು. ಕಸ್ತೂರಮ್ಮ ಹೆಣಿಗೆಯನ್ನು ಮಣ್ಣಲ್ಲಿ ಬಿಸಾಡಿ ಕೂಸಿನ ಕಾಲು ತಿಕ್ಕುತ್ತಾ ಕೂತಳು. ಏಕಾಂತಪ್ಪ ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ ಕಾರಿನ ಬಾಗಿಲು ಹಿಡಿದು ನಿಂತಿದ್ದ.

ಕೂಸು ಒಂದು ಸಲ ಕೆಮ್ಮಿತು. ಆಮೇಲೆ ಉಸಿರೆಳೆದು ಅತ್ತಿತು. ಆ ಅಳು ಕೇಳಿ ಕೊಟ್ರವ್ವ ಹೋ ಎಂದು ತಾನೂ ಅತ್ತಳು.

ಕೂಸಿನ ತುಟಿಗೆ ಬಣ್ಣ ಬಂದ ಮೇಲೆ ಏಕಾಂತಪ್ಪ ರಸ್ತೆ ಪಕ್ಕದ ಮೈಲಿಗಲ್ಲಿನ ಮೇಲೆ ಕುಸಿದು ಕೂತ. "ಮಲಗಿದ ಕೂಡ್ಲೇ ಬಾಟ್ಲಿ ತೆಗೀತಿದ್ದೆ ಅತ್ತೆ" ಎಂದ. "ಬುಟ್ಟಿ ಅಂಚು ಎತ್ತರ, ಕೂತಲ್ಲಿಂದ ಅವನ ಮುಖ ಕಾಣಲ್ಲ. ಅದಕ್ಕೇ ಮುನಾಫ್ ಕಡೆ ಆ ಕನ್ನಡಿ ಹಾಕಿಸಿದ್ದೆ. ಕಣ್ಣು ಮುಚ್ಚಿದ ಅಂದ್ರ ಗಾಡಿ ನಿಲ್ಲಿಸ್ತಿದ್ದೆ. ಇವತ್ತು ಕನ್ನಡಿ ತಿರುಗಿದ್ದು ನೋಡೀನೂ ಸುಮ್ಮನಾದೆ. ಸರಿ ಮಾಡ್ಕೋಬೇಕಿತ್ತು ನಾನು." ಅವನು ಮುಖ ಒರೆಸಿಕೊಂಡ. "ನೀವಿದ್ದಿದ್ದಕ್ಕೆ ಉಳೀತು. ಕರಕೊಂಡು ಹೋಗ್ರಿ ಅತ್ತೆ. ನೀವು ಅವತ್ತು ಕೇಳಿದಾಗಲೇ ಕೊಡಬೇಕಿತ್ತು. ನನ್ನ ಕೈಲಿ ಆಗಲ್ಲ."

ಕೊಟ್ರವ್ವ ಸೆರಗಿನಿಂದ ಕೂಸಿನ ಮೂಗು ಒರೆಸಿದಳು. ಆ ಕನ್ನಡಿ! ರಸ್ತೆ, ಕನ್ನಡಿ, ರಸ್ತೆ, ಕನ್ನಡಿ. ಅವನು ನೋಡುತ್ತಿದ್ದುದು ಮಗನ ಮುಖ. ನಕ್ಕದ್ದು ಮಗನನ್ನು ನೋಡಿ. ಈಗ ಬಾಯಿ ಬಿಟ್ಟು ಹೇಳಿದರೆ ಕೂಸು ಕೈತಪ್ಪುತ್ತದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾವ ಪಂಚಾಯ್ತಿಯೂ ಬೇಡ, ಯಾವ ಜಗಳವೂ ಬೇಡ, ಕೂಸು ನಂದಿಗುಡಿಗೆ ಬರುತ್ತದೆ. ಅವಳು ಕೂಸನ್ನು ಎದೆಗೆ ಒತ್ತಿಕೊಂಡು ಹೋಗಿ ಕಾರಿನಲ್ಲಿ ಕೂತಳು. ಬಾಯಿ ಮುಚ್ಚಿಕೊಂಡೇ ಇದ್ದಳು.

ಹರಿಹರದ ಸ್ಟ್ಯಾಂಡಿನಲ್ಲಿ ಮಲ್ಲೇಶಪ್ಪ ತೋಳು ಮಡಿಚಿಕೊಂಡು ಜಗಳಕ್ಕೆ ತಯಾರಾಗಿ ನಿಂತಿದ್ದ. ಜಗಳ ಮಾಡುವ ಅಗತ್ಯವೇ ಬೀಳಲಿಲ್ಲ. ಏಕಾಂತಪ್ಪನೇ ಬುಟ್ಟಿಯ ಹಗ್ಗ ಬಿಚ್ಚಿದ. ತಂತಿಯ ಕೈಯನ್ನು ತಿರುಪು ತೆಗೆದು ಕಾರಿನೊಳಗೆ ಎಸೆದ. ಕೂಸಿನ ಬಟ್ಟೆಗಳನ್ನು ಮಡಿಚಿ ಬುಟ್ಟಿಯಲ್ಲಿಟ್ಟ, ಬಾಟ್ಲಿ ಇಟ್ಟ, ರಬ್ಬರ್ ತೊಟ್ಟುಗಳ ಡಬ್ಬಿ ಇಟ್ಟ. ಬಾಟ್ಲಿಯ ಕೆಂಪು ಅಂಗಿಯನ್ನು ಮಾತ್ರ ಮೆಲ್ಲಗೆ ಕಳಚಿ, ನಾಲ್ಕು ಮಡಿಕೆ ಮಾಡಿ, ತನ್ನ ಅಂಗಿಯ ಜೇಬಿಗೆ ಇಳಿಸಿದ.

ಕೊಟ್ರವ್ವನ ಹೊಟ್ಟೆಯ ಕೆಂಡ ಭಗ್ಗೆಂದಿತು. ಮಗನನ್ನು ಕೊಡುತ್ತಾನೆ, ಆ ಹೆಂಗಸಿನ ಹೆಣಿಗೆಯನ್ನು ಕೊಡುವುದಿಲ್ಲ!

"ಅದನ್ನ್ಯಾಕ ಜೇಬಿಗೆ ಇಟ್ಕಂಡೆ?" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದಳು. "ಹೆತ್ತ ಕೂಸಿಗಿಂತ ಅದು ಹೆಚ್ಚಾತಾ ನಿನಗೆ? ಯಾರು ಹೆಣೆದಿದ್ದು ಅದನ್ನ? ಹೇಳು, ಈಕಿ ಮುಂದನೇ ಹೇಳು!"

ಇಳಿದು ಹೊರಟಿದ್ದ ಕಸ್ತೂರಮ್ಮ ಬೆಪ್ಪಾಗಿ ನಿಂತಳು. ಏಕಾಂತಪ್ಪ ಜೇಬಿನ ಮೇಲೆ ಕೈ ಇಟ್ಟುಕೊಂಡ.

"ನಿಮ್ಮ ಮಗಳು" ಎಂದ.

ಸ್ಟ್ಯಾಂಡಿನ ಗದ್ದಲ ನಡೆದೇ ಇತ್ತು. ಕೊಟ್ರವ್ವ ಅವನ ಜೇಬನ್ನೇ ನೋಡಿದಳು.

"ಬಾಟ್ಲಿ ಅಂಗಿ ಅಲ್ಲ ಅತ್ತೆ ಅದು. ಕೂಸಿನ ಕಾಲುಚೀಲ. ಈ ಮೇಡಂ ನಮ್ಮ ಹಿಂದಿನ ಓಣಿಯೋರು, ಇವರ ಹತ್ರ ಹೆಣಿಯಾದು ಕಲೀತಿದ್ಲು. ಹೆಣೆದು ಬಿಚ್ಚೋಳು, ಹೆಣೆದು ಬಿಚ್ಚೋಳು. ನೀವು ಹೇಳಿಕಳಿಸಿದಾಗ ಹೋಗು ಅಂದೆ. ಜೋಡಿ ಮುಗಿಸ್ಕಂಡು ಹೋಗ್ತೀನ್ರಿ, ಅವ್ವಗೆ ನಾನೇ ತೋರಿಸ್ಬೇಕು ಅಂದ್ಲು. ಇಷ್ಟು ಆಗಿತ್ತು, ಹಿಮ್ಮಡಿ ತನಕ. ಪಾದ ಉಳೀತು. ಸೂಜಿಯಾಗೇ ಇತ್ತು. ತೆಗೆದ್ರೆ ಬಿಚ್ಚಿ ಹೋಗ್ತೈತೆ ಅಂತ ದಾರ ಪೋಣಿಸಿ ಬಿಗಿದೆ. ಬಾಟ್ಲಿ ತಂತ್ಯಾಗ ನಿಲ್ಲದೆ ಜಾರ್ತಿತ್ತು, ಅದಕ್ಕೆ ಇದನ್ನ ಹಾಕಿದೆ."

"ನಾನು ಪೂರ್ತಿ ಮಾಡಿಕೊಡ್ತೀನಿ ಅಂದೆ" ಎಂದಳು ಕಸ್ತೂರಮ್ಮ ಸಣ್ಣ ದನಿಯಲ್ಲಿ. "ಬ್ಯಾಡ, ಬೇರೆ ಕೈ ಬೀಳೋದು ಬ್ಯಾಡ ಅಂದ್ರು."

"ನನಗ್ಯಾಕ ಹೇಳಲಿಲ್ಲ?" ಎಂದಳು ಕೊಟ್ರವ್ವ.

"ಹೇಳಿದ್ರೆ ನಂಬ್ತಿದ್ರಾ?"

ಇಲ್ಲ, ಕೊಟ್ರವ್ವ ನಂಬುತ್ತಿರಲಿಲ್ಲ. ತಾನು ಮೂಸಿ ನೋಡಿದ್ದು, ಬೆರಳಿನಿಂದ ಹಿಸುಕಿ ನೋಡಿದ್ದು, ಯಾವಳೋ ಹೆಣೆದಿದ್ದಾಳೆಂದು ಶಾಪ ಹಾಕಿದ್ದು ತನ್ನ ಮಗಳ ಕೈಗೆ. ನಂದಿಗುಡಿ ಬಸ್ಸಿನ ಕಂಡಕ್ಟರು ಕೂಗುತ್ತಿದ್ದ. ಮಲ್ಲೇಶಪ್ಪ ಬುಟ್ಟಿ ಎತ್ತಿಕೊಂಡು "ಬಾರವ್ವ, ಬಸ್ಸು ಹೊಂಡ್ತು" ಎಂದ.

ಕೊಟ್ರವ್ವ ಕದಲಲಿಲ್ಲ.

"ಕನ್ನಡಿ ರಸ್ತಿ ಕುಲುಕಾಟಕ್ಕ ತಿರುಗಿದ್ದಲ್ಲ" ಎಂದಳು. "ನಾನು ತಿರುಗಿಸಿದ್ದು. ನೀನು ಈ ಹೆಣ್ಣನ್ನ ನೋಡ್ತೀಯ ಅಂತ ತಿಳ್ಕಂಡೆ. ಕೂಸನ್ನ ನೋಡ್ಕೋತೀನಿ ಅಂದು ನಿಮ್ಮಿಬ್ಬರನ್ನ ಕಾಯ್ಕೋತ ಕೂತೆ. ಬಟ್ಟಿ ಮುಚ್ಚಿದ್ದೂ ನಾನೇ. ಉಳಿಸಿದ್ದಲ್ಲಪ್ಪ, ಕೊಲ್ತಿದ್ದೆ ನಾನು."

ಏಕಾಂತಪ್ಪ ಅವಳ ಕಡೆ ಒಂದು ಹೆಜ್ಜೆ ಇಟ್ಟ. "ಅಷ್ಟು ಅನುಮಾನ ಇದ್ರೆ ಬಾಯಿಬಿಟ್ಟು ಕೇಳಬೇಕಿತ್ತು ಅತ್ತೆ" ಎಂದ. "ನನ್ನ ಬೈಯಬೇಕಿತ್ತು. ಹೊಡೀಬೇಕಿತ್ತು ಬೇಕಾದ್ರೆ. ಅವನ ಮ್ಯಾಲೆ ಯಾಕ?" ಅಷ್ಟು ಹೇಳಿ ಆ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ನಂದಿಗುಡಿ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

ಕೊಟ್ರವ್ವ ಮಗನ ಕೈಯಿಂದ ಬುಟ್ಟಿ ಕಿತ್ತುಕೊಂಡಳು. ತಾನೇ ಹೋಗಿ ಅದನ್ನು ಕಾರಿನ ಹಿಂದಿನ ಸೀಟಿಗೆ ತಳ್ಳಿದಳು. "ನಿನ್ನ ಹೆಂಡ್ತಿಗೆ ಹೇಳು, ಎಮ್ಮಿ ಹಿಂಡಾದು ಇನ್ನು ಆಕಿದೇ" ಎಂದಳು ಮಲ್ಲೇಶಪ್ಪನಿಗೆ. "ಕಮಲಕ್ಕ ಬರೋ ತನಕ ನಾನು ದಾವಣಗೆರ್ಯಾಗ ಇರ್ತೀನಿ. ಇವರು ಇರು ಅಂದ್ರ ಆಮೇಲೂ ಇರ್ತೀನಿ."

ಮುಂದಿನ ಸೀಟಿನಲ್ಲಿ ಕೂತು ಕೂಸನ್ನು ಮಡಿಲಿಗೆ ಹಾಕಿಕೊಂಡಳು. ಏಕಾಂತಪ್ಪ ಇನ್ನೂ ಹೊರಗೇ ನಿಂತಿದ್ದ. ಅವಳು ಕಿಟಕಿಯಿಂದ ಅಂಗೈ ಚಾಚಿದಳು.

"ಕೊಡ್ರಿ ಅದನ್ನ" ಎಂದಳು. "ಬಾಟ್ಲಿ ನನ್ನ ಕೈಯಾಗಿರ್ತೈತೆ. ಆ ಕನ್ನಡಿ ಮೊದಲಿನಂಗ ತಿರುಗಿಸ್ಕೊಳ್ರಿ. ಕೂಸನ್ನ ನೀವೂ ನೋಡ್ಕೋತಾ ಇರ್ರಿ, ನನ್ನೊಬ್ಬಳನ್ನೇ ನಂಬಬ್ಯಾಡ್ರಿ."

ಏಕಾಂತಪ್ಪ ತಡಮಾಡಿದ. ಆಮೇಲೆ ಜೇಬಿನಿಂದ ಕೆಂಪು ಕಾಲುಚೀಲ ತೆಗೆದು ಅವಳ ಅಂಗೈಯಲ್ಲಿಟ್ಟ. ಅದು ಇನ್ನೂ ಬೆಚ್ಚಗಿತ್ತು. ಕೊಟ್ರವ್ವ ಅದನ್ನು ಮೂಸಿ ನೋಡಲಿಲ್ಲ. ಕೂಸಿನ ಒಂದು ಪಾದಕ್ಕೆ ಹಿಡಿದು, ಅಳತೆ ಸರಿಯಾಗಿದೆಯೇ ಎಂದು ನೋಡಿದಳು.